ಫ್ರೆಂಚಿನ ‘ತ್ತಿದ್ದೆ’

ಪ್ರಶ್ನೆ: ಫ್ರೆಂಚ್ ಕಲಿಯುತ್ತಿದ್ದೇನೆ. ಭೂತಕಾಲ ಹೇಳುವಾಗ ಅಂಪಾರ್ಫೆ ಅನ್ನೋ ರೂಪ ಯಾವಾಗ, ಪಾಸೆ ಕಾಂಪೋಸೆ ಅನ್ನೋದು ಯಾವಾಗ ಅನ್ನೋದೇ ಗೊಂದಲ. ರೂಪಗಳೂ ನೆನಪಿರುವುದಿಲ್ಲ.

ಉತ್ತರ: ಕನ್ನಡ ಬರುತ್ತಲ್ವಾ, ಅರ್ಧ ಕೆಲಸ ಆಯ್ತು. ‘ಊಟ ಮಾಡುತ್ತಿದ್ದೆ, ಫೋನ್ ಬಂತು’ ಅನ್ನುವಾಗ ‘ಮಾಡುತ್ತಿದ್ದೆ’ ಅಂಪಾರ್ಫೆ, ಅಂದರೆ ‘ಜ ಮಾಂಜೆ’; ‘ಬಂತು’ ಪಾಸೆ ಕಾಂಪೋಸೆ. ಚಿಕ್ಕವರಿದ್ದಾಗ ದಿನಾ ಆಡುತ್ತಿದ್ದುದಕ್ಕೂ ಅಂಪಾರ್ಫೆಯೇ. ಆದರೆ ‘ಹಸಿವಾಗಿತ್ತು’ ಅನ್ನೋದಕ್ಕೂ ಅದೇ ಬರುತ್ತೆ, ‘ಜಾವೆ ಫ್ಯಾಂ’. ಅಲ್ಲಿ ಸುಮ್ನೆ ‘ತ್ತಿದ್ದೆ’ ಹುಡುಕಬೇಡಿ, ಜಾಸ್ತಿ ಎಡವುವುದು ಇಲ್ಲೇ.

ಅಂಪಾರ್ಫೆಯ ರೂಪ ಸುಲಭ: ವರ್ತಮಾನದ ‘ನೂ ಫಿನಿಸೋಂ’ (ನಾವು ಮುಗಿಸುತ್ತೇವೆ) ತಗೊಂಡು, ‘ಓಂ’ ಕಿತ್ತು ‘ಎ’ ಹಚ್ಚಿ, ‘ಜ ಫಿನಿಸೆ’ (ನಾನು ಮುಗಿಸುತ್ತಿದ್ದೆ) ಆಯ್ತು. ತು (ನೀನು), ಇಲ್ (ಅವನು), ಬಹುವಚನದ ಇಲ್ (ಅವರು), ಎಲ್ಲಕ್ಕೂ ಉಚ್ಚಾರ ಇದೇ, ಬರೆಯುವಾಗ ಮಾತ್ರ ಬಾಲ ಬದಲಾಗುತ್ತೆ. ನೂ (ನಾವು), ವೂ (ನೀವು) ಬಂದರೆ ಫಿನಿಸಿಯೋಂ, ಫಿನಿಸಿಯೇ. ಈ ಲೆಕ್ಕಕ್ಕೆ ಬಗ್ಗದ್ದು ‘ಎತ್ರ್’ (ಇರು) ಒಂದೇ: ಜೇತೆ, ನಾನಿದ್ದೆ.