‘ಅದು ಏನೂ ಮಾಡೂದಿಲ್ಲ’

ಪ್ರಿಯ ಸಂಪಾದಕರೇ,

ದಿನಾ ಬೆಳಗ್ಗೆ ಆರೂವರೆಗೆ ನಾನು ಹಾಲಿನ ಸೊಸೈಟಿಗೆ ನಡೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಒಂದು ಮನೆಯವರು ರಾತ್ರಿ ಬಿಟ್ಟ ನಾಯಿಯನ್ನು ಎಂಟು ಗಂಟೆಯವರೆಗೂ ಕಟ್ಟುವುದಿಲ್ಲ. ಗೇಟು ತೆರೆದೇ ಇರುತ್ತದೆ. ಕಳೆದ ತಿಂಗಳು ಅದು ನನ್ನ ಮೈಮೇಲೆ ಹಾರಿ ಬಂತು. ಕಚ್ಚಲಿಲ್ಲ. ಹೆದರಿ ಚರಂಡಿಗೆ ಬಿದ್ದೆ. ಮೊಣಕಾಲಿಗೆ ಪೆಟ್ಟಾಯಿತು, ನಾಲ್ಕು ಲೀಟರ್ ಹಾಲು ಚೆಲ್ಲಿತು. ಮನೆಯವರು ಹೊರಗೆ ಬಂದು ‘ಹೆದರಬೇಡಿ, ಅದು ಏನೂ ಮಾಡೂದಿಲ್ಲ’ ಅಂದರು. ನೆರೆಕರೆಯವರು ಅಂತ ನಾನೂ ಸುಮ್ಮನಾದೆ. ಇಂಥ ನಾಯಿಗಳನ್ನು ಇಪ್ಪತ್ನಾಲ್ಕು ಗಂಟೆಯೂ ಸಂಕಲೆ ಹಾಕಿ ಕಟ್ಟಬೇಕು ಅಂತ ಕಾನೂನು ಇಲ್ಲವೇ?

— ಓದುಗರೊಬ್ಬರು, ಕಾಸರಗೋಡಿನ ಬದಿಯಡ್ಕ ಹತ್ತಿರ (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಅಕ್ಕಾ, ಮೊದಲು ನಿಮ್ಮನ್ನೇ ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಬೇಡಿ. ಚರಂಡಿಗೆ ಬಿದ್ದವರು ನೀವು. ಹಾಲು ಹೋದದ್ದು ನಿಮ್ಮದು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂತವರೂ ನೀವೇ. ಇಷ್ಟರ ಮೇಲೆ ನೆರೆಕರೆ ಹಾಳಾಗಬಾರದು ಅಂತ ಬಾಯಿ ಮುಚ್ಚಿದವರೂ ನೀವೇ ಆದರೆ, ಆ ಮನೆಯವರ ಪಾಲಿಗೆ ಉಳಿದ ಕೆಲಸ ಏನು? ಆವತ್ತು ಸಂಜೆ ನಿಮ್ಮ ಅಂಗಳಕ್ಕೆ ಬಂದು ಕಾಲು ಹೇಗಿದೆ ಅಂತ ಕೇಳಬೇಕಿತ್ತು. ಹಾಲಿನ ದುಡ್ಡು ತಗೊಳ್ಳಿ ಅನ್ನಬೇಕಿತ್ತು. ಮರುದಿನ ಬೆಳಗ್ಗೆ ಗೇಟು ಹಾಕಿರಬೇಕಿತ್ತು. ಇದರಲ್ಲಿ ಯಾವುದಾದರೂ ಒಂದು ನಡೆಯಿತಾ? ನಡೆದಿದ್ದರೆ ನೀವು ಖಂಡಿತ ಬರೆಯುತ್ತಿದ್ದಿರಿ.

‘ಏನೂ ಮಾಡೂದಿಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆಯ ಚರ್ಮ ಬಿಗಿಯುತ್ತದೆ. ಆಗ ನಾನು ನಾಲ್ಕನೇ ಕ್ಲಾಸು. ಶಾಲೆಯಿಂದ ಬರುವಾಗ ಒಂದು ತಡಮ್ಮೆ (ಬೇಲಿ ಹತ್ತಿ ದಾಟುವ ಮೆಟ್ಟಿಲು) ದಾಟಬೇಕಿತ್ತು. ತಡಮ್ಮೆಯಾಚೆ ಒಂದು ಕಂದು ನಾಯಿ. ದಿನಾ ಬೊಗಳುತ್ತಿತ್ತು. ದಿನಾ ಜಗಲಿಯಿಂದ ಅದೇ ಮಾತು ಕೇಳುತ್ತಿತ್ತು: ‘ಬಾ ಮಾಣಿ, ಅದು ಏನೂ ಮಾಡೂದಿಲ್ಲ.’ ಒಂದು ದಿನ ತಡಮ್ಮೆ ಇಳಿಯುವಷ್ಟರಲ್ಲಿ ಮೀನಖಂಡಕ್ಕೆ ಬಾಯಿ ಹಾಕಿತು. ಮನೆಯಲ್ಲಿ ಗಾಯಕ್ಕೆ ಸುಣ್ಣ ಹಚ್ಚಿದರು. ನಾಯಿಯನ್ನು ಹತ್ತು ದಿನ ನೋಡಿ, ಅದಕ್ಕೆ ಏನೂ ಆಗದಿದ್ದರೆ ಹೆದರಬೇಕಾಗಿಲ್ಲ ಅಂತ ಯಾರೋ ಹೇಳಿದರು. ನಾಲ್ಕನೇ ದಿನ ನಾಯಿಯೇ ಕಾಣೆ. ಸತ್ತಿತೋ, ಯಾರಾದರೂ ಹೊಡೆದರೋ, ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಹೊಕ್ಕುಳ ಸುತ್ತ 14 ಚುಚ್ಚುಮದ್ದು. ನನ್ನ ವಯಸ್ಸಿನವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ದಿನಾ ಬಸ್ಸು ಹಿಡಿದು ಆಸ್ಪತ್ರೆಗೆ. ನಿನ್ನೆ ಬಲಕ್ಕೆ ಚುಚ್ಚಿದರೆ ಇವತ್ತು ಎಡಕ್ಕೆ. ಚುಚ್ಚಿದ ಕಡೆ ಎಳೆ ಅಡಕೆಯಷ್ಟು ದಪ್ಪ ಗಂಟು. ಚಡ್ಡಿಯ ಲಾಡಿ ಕಟ್ಟಲಿಕ್ಕೆ ಆಗುತ್ತಿರಲಿಲ್ಲ, ಅಮ್ಮ ಒಂದು ಹಳೆಯ ಬೈರಾಸು ಸುತ್ತಿ ಕಳಿಸುತ್ತಿದ್ದರು. ಅಪ್ಪ ಹದಿನಾಲ್ಕು ದಿನ ಕೂಲಿ ಬಿಟ್ಟರು. ನಾಯಿ ಸಾಕಿದವರು ಒಂದು ದಿನವೂ ನಮ್ಮ ಮನೆ ಕಡೆ ಬರಲಿಲ್ಲ.

ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ 2004ಕ್ಕೆ ನಮ್ಮ ದೇಶದಲ್ಲಿ ನಿಂತಿತು. ಈಗ ತೋಳಿಗೆ ಕೊಡುತ್ತಾರೆ, ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಗಾಯ ಜೋರಾಗಿದ್ದರೆ ಗಾಯದ ಸುತ್ತಲೇ ಸೀರಮ್ (ರೋಗಾಣುವನ್ನು ಕೂಡಲೇ ತಡೆಯುವ ಮದ್ದು) ಹಾಕುತ್ತಾರೆ. ಅದಕ್ಕಿಂತ ಮೊದಲು ಮನೆಯಲ್ಲೇ ಸಾಬೂನು ಹಚ್ಚಿ ನಲ್ಲಿ ನೀರಿನ ಕೆಳಗೆ 15 ನಿಮಿಷ ತೊಳೆಯಬೇಕು. ಸುಣ್ಣ ಬೇಡ, ಅರಶಿನ ಬೇಡ, ಮೆಣಸಿನ ಹುಡಿ ಖಂಡಿತ ಬೇಡ. ಅಕ್ಕಾ, ಆ ನಾಯಿ ಕಚ್ಚಲಿಲ್ಲ ಅಂತ ಬರೆದಿದ್ದೀರಿ. ಉಗುರು ತಾಗಿದೆಯಾ ಅಂತ ನೋಡಿಕೊಂಡಿರಾ? ಪರಚಿದ ಗಾಯವಿದ್ದರೆ, ಒಂದು ತಿಂಗಳು ಕಳೆದರೂ ಪರವಾಗಿಲ್ಲ, ಇವತ್ತೇ ಹೋಗಿ ಡಾಕ್ಟರಿಗೆ ತೋರಿಸಿ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮತ್ತೆ ಯಾವ ಮದ್ದೂ ಹಿಡಿಯುವುದಿಲ್ಲ.

ಇನ್ನು ಕಾನೂನು. ಇದೆ, ಚೆನ್ನಾಗಿಯೇ ಇದೆ. ಹಳೆಯ ದಂಡಸಂಹಿತೆಯಲ್ಲಿ 289ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಬಂದಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ದೊಡ್ಡ ಗಾಯ ಆಗುವ ಸಂಭವ ಇದ್ದರೂ ಅದನ್ನು ತಡೆಯುವಷ್ಟು ಜಾಗ್ರತೆ ವಹಿಸದವನಿಗೆ ಆರು ತಿಂಗಳವರೆಗೆ ಜೈಲು, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಕಾನೂನಿನಲ್ಲಿ ದಂಡ ಬರೀ 1000 ಇತ್ತು. ನಾಯಿ ಕಚ್ಚಿಯೇ ಆಗಬೇಕು ಅಂತ ಅದರಲ್ಲಿ ಬರೆದಿಲ್ಲ. ಜಾಗ್ರತೆ ವಹಿಸದೆ ಇದ್ದದ್ದೇ ತಪ್ಪು. ಇದಲ್ಲದೆ ಕೇರಳದಲ್ಲಿ ಹಂದಿ ಮತ್ತು ನಾಯಿಗಳ ಲೈಸೆನ್ಸಿಗಾಗಿಯೇ 1998ರ ಪಂಚಾಯತಿ ನಿಯಮಗಳಿವೆ. ಸಾಕುನಾಯಿಗೆ ಲೈಸೆನ್ಸ್ ಬೇಕು, ಲಸಿಕೆ ಹಾಕಿಸಿರಬೇಕು. ನಿಮ್ಮ ವಾರ್ಡಿನಲ್ಲಿ ಎಷ್ಟು ನಾಯಿಗಳಿಗೆ ಲೈಸೆನ್ಸ್ ಇದೆ ಅಂತ ಒಮ್ಮೆ ಕೇಳಿ ನೋಡಿ.

ಆದರೆ ಇಪ್ಪತ್ನಾಲ್ಕು ಗಂಟೆ ಸಂಕಲೆ ಅಂದಿರಲ್ಲ, ಅಲ್ಲಿ ನಾನು ನಿಮ್ಮ ಜೊತೆ ಇಲ್ಲ. ಕಾನೂನೂ ನಿಮ್ಮ ಜೊತೆ ಇಲ್ಲ. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1960ರ ಕಾಯ್ದೆಯ 11ನೇ ಕಲಂ ಓದಿದರೆ ಆಶ್ಚರ್ಯ ಆಗುತ್ತದೆ. ತೀರಾ ಗಿಡ್ಡ ಅಥವಾ ತೀರಾ ಭಾರದ ಸಂಕಲೆಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದು ತಪ್ಪು. ಯಾವಾಗಲೂ ಕಟ್ಟಿರುವ ಅಥವಾ ಗೂಡಿನಲ್ಲಿ ಕೂಡಿಟ್ಟ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದಿರುವುದೂ ತಪ್ಪು. ಅಂದರೆ, ನಾಯಿಯನ್ನು ನಡೆಸಿಕೊಂಡು ಹೋಗಿ ಅಂತ ಅರುವತ್ತು ವರ್ಷಕ್ಕೂ ಹಿಂದೆಯೇ ನಮಗೆ ಹೇಳಿದ್ದಾರೆ!

ನಮ್ಮಲ್ಲಿ ನಡೆಯುವುದೇನು? ಹಗಲಿಡೀ ಗೂಡು, ರಾತ್ರಿಯಿಡೀ ಊರು. ಬಚ್ಚಲುಕೊಟ್ಟಿಗೆಯ ಹಿಂದೆ ನಾಲ್ಕಡಿಗೆ ನಾಲ್ಕಡಿ ಕಬ್ಬಿಣದ ಗೂಡು. ಬೆಳಗಿನಿಂದ ಕತ್ತಲೆಯವರೆಗೆ ನಾಯಿ ಅದರೊಳಗೆ ತಿರುಗುತ್ತದೆ. ಒಂದು ಮನೆಯಲ್ಲಿ ನೋಡಿದ್ದೇನೆ, ತಿರುಗಿ ತಿರುಗಿ ಸಿಮೆಂಟಿನ ನೆಲ ವೃತ್ತಾಕಾರದಲ್ಲಿ ನುಣುಪಾಗಿತ್ತು. ನಾಯಿಯ ಮೂಗಿನ ತುದಿಯ ಚರ್ಮ ಸರಳಿಗೆ ಉಜ್ಜಿ ಉಜ್ಜಿ ಹೋಗಿತ್ತು. ರಾತ್ರಿ ಒಂಬತ್ತಕ್ಕೆ ಗೂಡಿನ ಬಾಗಿಲು ತೆಗೆದರೆ ಅದು ಬಾಣದ ಹಾಗೆ ಹೊರಡುತ್ತದೆ. ಹನ್ನೆರಡು ಗಂಟೆಯ ಸಿಟ್ಟು, ಹಸಿವು, ಆಸೆ ಎಲ್ಲ ಕಾಲಿನಲ್ಲಿ ತುಂಬಿರುತ್ತದೆ. ಬೆಳಗ್ಗೆ ಅದರ ಎದುರಿಗೆ ಸಿಗುವವರು ಯಾರು? ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಪೇಪರ್ ಹಾಕುವ ಹುಡುಗ, ಮದ್ರಸಕ್ಕೆ ಹೋಗುವ ಪುಟ್ಟ ಮಕ್ಕಳು, ಹಾಲಿನ ಕ್ಯಾನು ಹಿಡಿದ ನೀವು. ಓಡಿದರೆ ಅಟ್ಟಿಸಿಕೊಂಡು ಬರುವುದು ನಾಯಿಯ ಹುಟ್ಟುಗುಣ. ಅದರ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ.

ಸಾಕುವವರ ಕಷ್ಟವೂ ನನಗೆ ಗೊತ್ತು. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ, ಮನೆಯಲ್ಲಿ ಎರಡು ಮುದಿಜೀವ. ತೋಟಕ್ಕೆ ಹಂದಿ ನುಗ್ಗುತ್ತದೆ, ಅಡಕೆ ಒಣಹಾಕಿದ ಅಂಗಳಕ್ಕೆ ಕಳ್ಳ ಬರುತ್ತಾನೆ. ನಾಯಿ ಬೇಕು, ಒಪ್ಪಿದೆ. ಆದರೆ ಕಾಯಬೇಕಾದದ್ದು ಅವರ ಅಂಗಳ. ಪಂಚಾಯತಿ ರಸ್ತೆಯನ್ನು ಯಾರೂ ಅವರ ನಾಯಿಗೆ ಕಾಯಲಿಕ್ಕೆ ಕೊಟ್ಟಿಲ್ಲ.

ನಾಯಿಯನ್ನು ಕೈಯಲ್ಲಿ ಹಿಡಿಯುವುದು ಪೇಟೆಯವರ ಶೋಕಿ ಅಂತ ಕೆಲವರು ಹೇಳುತ್ತಾರೆ. ಅವರಿಗೆ ನಾನು ಆತಕೂರಿನ ಕಲ್ಲಿನ ಕಥೆ ಹೇಳುತ್ತೇನೆ. ಸುಮಾರು 949ರ ಶಾಸನ ಅದು, ಮದ್ದೂರಿನ ಹತ್ತಿರದ್ದು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೆರನಿಗೆ ಗಂಗರ ರಾಜ ಬೂತುಗ ‘ಏನು ಬೇಕು ಕೇಳು’ ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಕೆತ್ತಿದರು. ನನಗೆ ಆ ‘ಬಿಟ್ಟಾಗ’ ಅನ್ನುವ ಮಾತು ಬಹಳ ಇಷ್ಟ. ಬಿಡುವವರೆಗೆ ಅದು ಒಬ್ಬರ ಕೈಯಲ್ಲಿತ್ತು. ಬಿಡುವ ಹೊತ್ತು ಯಾವುದು ಅಂತ ಆ ಕೈಗೆ ಗೊತ್ತಿತ್ತು. ಸಾವಿರ ವರ್ಷದ ಹಿಂದೆ ಕನ್ನಡದವರಿಗೆ ನಾಯಿಯ ಮೇಲೆ ಅಷ್ಟು ಪ್ರೀತಿ ಇತ್ತು. ನಮ್ಮ ಪಕ್ಕದ ಕಣ್ಣೂರಿನ ಪರಶ್ಶಿನಿಕಡವಿನಲ್ಲಿ ಮುತ್ತಪ್ಪ ದೈವದ ಸನ್ನಿಧಿಯಲ್ಲಿ ಇವತ್ತಿಗೂ ನಾಯಿಗಳಿಗೆ ಮರ್ಯಾದೆ ಇದೆ. ನಾಯಿಯನ್ನು ದ್ವೇಷಿಸುವ ನಾಡು ನಮ್ಮದಲ್ಲ.

ನಮ್ಮ ಕಚೇರಿಯ ಕಿಟಕಿಯಿಂದ ದಿನಾ ಸಂಜೆ ಒಬ್ಬರನ್ನು ನೋಡುತ್ತೇನೆ. ಎಪ್ಪತ್ತು ದಾಟಿದ ಕೃಷಿಕರು. ದನ ಕಟ್ಟುವ ಬಳ್ಳಿಯಲ್ಲೇ ಅವರ ನಾಯಿ. ಊರಿನ ಬಿಳಿ ನಾಯಿ, ಜಾತಿಗೀತಿ ಏನೂ ಇಲ್ಲ. ಆಚೆಯಿಂದ ಶಾಲೆಯ ಮಕ್ಕಳು ಬಂದರೆ ಬಳ್ಳಿಯನ್ನು ಮುಂಗೈಗೆ ಒಂದು ಸುತ್ತು ಸುತ್ತಿ ಗಿಡ್ಡ ಮಾಡುತ್ತಾರೆ. ನಾಯಿಯನ್ನು ಚರಂಡಿಯ ಬದಿಗೆ ಹಾಕಿ ತಾನು ಮಕ್ಕಳ ಬದಿಗೆ ನಿಲ್ಲುತ್ತಾರೆ. ಮಕ್ಕಳು ದಾಟಿದ ಮೇಲೆ ಸುತ್ತು ಬಿಚ್ಚುತ್ತಾರೆ. ನಾಯಿಗೂ ಈಗ ಅಭ್ಯಾಸವಾಗಿದೆ, ಮಕ್ಕಳ ಸದ್ದು ಕೇಳಿದರೆ ತಾನಾಗಿ ಚರಂಡಿ ಬದಿಗೆ ಸರಿದು ಕೂರುತ್ತದೆ. ಇದಕ್ಕೆ ಎಷ್ಟು ಖರ್ಚಾಯಿತು? ಒಂದು ಬಳ್ಳಿ, ದಿನಕ್ಕೆ ಅರ್ಧ ಗಂಟೆ.

ಬೀದಿನಾಯಿಗಳ ವಿಷಯ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ. 2023ರ ಜೂನಿನಲ್ಲಿ ಕಣ್ಣೂರಿನ ಮುಳಪ್ಪಿಲಂಗಾಡಿನಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಅವುಗಳ ಬಾಯಿಗೆ ಸಿಕ್ಕಿ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ಒಂದೇ ಮಾತು ಹೇಳುತ್ತೇನೆ. ಗಂಡುಮರಿಯನ್ನು ಇಟ್ಟುಕೊಂಡು ಹೆಣ್ಣುಮರಿಗಳನ್ನು ಗೋಣಿಯಲ್ಲಿ ತುಂಬಿಸಿ ರಾತ್ರಿ ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರುವವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. ಬೀದಿನಾಯಿ ಬೀದಿಯಿಂದ ಹುಟ್ಟುವುದಿಲ್ಲ.

ನನ್ನ ದೊಡ್ಡ ಸಂಕಟ ನಡೆಯುವವರದ್ದು. ಮೊದಲು ದಾರಿಯ ಎರಡೂ ಬದಿ ಬೇಲಿ ಇತ್ತು, ನಡುನಡುವೆ ತಡಮ್ಮೆ ಇತ್ತು. ನಾಯಿ ಬಂದರೆ ಯಾರ ಅಂಗಳಕ್ಕಾದರೂ ಹಾರಿಕೊಳ್ಳಬಹುದಿತ್ತು. ಈಗ ಎರಡೂ ಬದಿ ಆಳೆತ್ತರದ ಮುರಕಲ್ಲಿನ ಗೋಡೆ. ನಡುವೆ ಕಾಂಕ್ರೀಟಿನ ರಸ್ತೆ, ಬದಿಯಲ್ಲಿ ಮುಚ್ಚಳ ಇಲ್ಲದ ಚರಂಡಿ. ಸರಿದು ನಿಲ್ಲಲಿಕ್ಕೆ ಒಂದಡಿ ಜಾಗ ಇಲ್ಲ. ನೀವು ಚರಂಡಿಗೆ ಬಿದ್ದದ್ದು ಸುಮ್ನೆ ಅಲ್ಲ ಅಕ್ಕಾ, ಬೀಳಲಿಕ್ಕೆ ಅದೊಂದೇ ಜಾಗ ಉಳಿದಿತ್ತು. ಕಾರಿನಲ್ಲಿ ಹೋಗುವವರಿಗೆ ಯಾವ ನಾಯಿಯೂ ತೊಂದರೆ ಕೊಡುವುದಿಲ್ಲ. ಅದಕ್ಕೇ ಗ್ರಾಮಸಭೆಯಲ್ಲಿ ಈ ಮಾತು ಯಾವತ್ತೂ ಮೇಲೆ ಬರುವುದಿಲ್ಲ. ನಡೆಯುವವರು ಹೆಂಗಸರು, ಮಕ್ಕಳು, ಕೂಲಿಯವರು.

ಆ ಗೋಡೆಗಳ ಗೇಟಿನಲ್ಲಿ ಮಲಯಾಳದ ಬೋರ್ಡು ಇರುತ್ತದೆ: ‘ಪಟ್ಟಿಯುಂಡ್, ಸೂಕ್ಷಿಕ್ಕುಕ.’ ನಾಯಿ ಇದೆ, ಎಚ್ಚರಿಕೆ. ಎಚ್ಚರಿಕೆ ಯಾರಿಗೆ? ಹೊರಗೆ ನಡೆಯುವವರಿಗೆ. ನಾನು ಕೇಳುವುದು ಗೇಟಿನ ಒಳಬದಿಗೆ ಒಂದು ಬೋರ್ಡು: ‘ಹೊರಗೆ ಜನ ಇದ್ದಾರೆ, ಎಚ್ಚರಿಕೆ.’

ಬೋರ್ಡಿನ ಮಾತು ಬಂದಾಗ ಇದನ್ನೂ ಹೇಳಲೇಬೇಕು. ಹಿಂದೊಮ್ಮೆ ನಮ್ಮ ಕಡೆಯ ಒಂದು ಪಂಚಾಯತಿಯಲ್ಲಿ ಸಾಕುನಾಯಿಗಳ ಲಸಿಕೆ ಶಿಬಿರ ಇತ್ತು. ಅಂಗಡಿಯ ಕಂಬಕ್ಕೆ ಅಂಟಿಸಿದ ನೋಟೀಸು ಪೂರ್ತಿ ಮಲಯಾಳದಲ್ಲಿ. ಅದರ ಕೆಳಗೇ ಕೂತು ಬೀಡಿ ಕಟ್ಟುತ್ತಿದ್ದ ಹೆಂಗಸಿನ ಮನೆಯಲ್ಲಿ ಎರಡು ನಾಯಿಗಳಿದ್ದವು. ಆಕೆ ಓದಿದ್ದು ಕನ್ನಡ ಶಾಲೆಯಲ್ಲಿ. ಶಿಬಿರ ಮುಗಿದ ಮೇಲೆ ನನ್ನ ಹತ್ತಿರ ಹೇಳಿದರು, ‘ಅದು ಲಾಟರಿಯ ಕಾಗದ ಅಂತ ತಿಳಕೊಂಡೆ.’ ಎರಡು ನಾಯಿಗಳಿಗೆ ಆ ವರ್ಷ ಲಸಿಕೆ ಇಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಮಲಯಾಳ ಕಲಿಯಬಾರದು ಅಂತ ನಾನು ಯಾವತ್ತೂ ಹೇಳಿಲ್ಲ, ನನಗೇ ಓದಲು ಬರುತ್ತದೆ. ಆದರೆ ಜೀವ ಉಳಿಸುವ ನೋಟೀಸು ಜನ ಓದುವ ಅಕ್ಷರದಲ್ಲಿ ಇರಬೇಕು. ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಈ ಗಡಿಯ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತಲೂ ಹೇಳಿದೆ. ಆ ಹಕ್ಕು ಬಳಸದೆ ತುಕ್ಕು ಹಿಡಿಯುತ್ತಿದೆ.

ಅದಕ್ಕೆ ಅಕ್ಕಾ, ನೀವು ಹೀಗೆ ಮಾಡಿ. ಮೊದಲು ಆ ಮನೆಗೆ ಹೋಗಿ. ಜಗಳಕ್ಕೆ ಅಲ್ಲ, ಜೊತೆಗೆ ಸೊಸೈಟಿಗೆ ಬರುವ ಇನ್ನಿಬ್ಬರನ್ನು ಕರಕೊಂಡು ಹೋಗಿ. ಬೆಳಗ್ಗೆ ಆರಕ್ಕೆ ನಾಯಿ ಒಳಗಿರಬೇಕು, ಹೊರಗೆ ಬರುವುದಾದರೆ ಬಳ್ಳಿಯಲ್ಲಿ ಬರಬೇಕು ಅಂತ ನೇರವಾಗಿ ಹೇಳಿ. ಲಸಿಕೆ ಕಾರ್ಡು ತೋರಿಸಿ ಅಂತ ಕೇಳಿ. ಹದಿನೈದು ದಿನ ನೋಡಿ. ಬದಲಾಗದಿದ್ದರೆ ಪಂಚಾಯತಿ ಕಾರ್ಯದರ್ಶಿಗೆ ಒಂದು, ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಡಿ. ದಿನಾಂಕ, ಹೊತ್ತು, ಬಿದ್ದ ಜಾಗ, ಚೆಲ್ಲಿದ ಹಾಲು, ಎಲ್ಲ ಬರೆಯಿರಿ. 291ನೇ ಕಲಂ ಅಂತ ನಮೂದಿಸಿ. ಕನ್ನಡದಲ್ಲೇ ಬರೆಯಿರಿ, ಕನ್ನಡದಲ್ಲೇ ಉತ್ತರ ಬೇಕು ಅಂತ ಕೊನೆಯ ಸಾಲಿನಲ್ಲಿ ಸೇರಿಸಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಅರ್ಜಿ ಬರೆಯಲು ಕಷ್ಟವಾದರೆ ನಮ್ಮ ಕಚೇರಿಗೆ ಬನ್ನಿ, ಒಟ್ಟಿಗೆ ಕೂತು ಬರೆಯುವ. ಉತ್ತರ ಬಂದರೆ ಅದರ ನಕಲು ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ. ಮೊಣಕಾಲು ಈಗ ಹೇಗಿದೆ ಅಂತಲೂ ಬರೆಯಿರಿ.

— ಸಂ.