ಹಳೆ ಕಂಪ್ಯೂಟರಿನ ವರ್ಚುವಲ್ ಮಷೀನ್‌ಗಳನ್ನು ಹೊಸದಕ್ಕೆ ಹಾಕೋದು

ನಿಮ್ಮ ಪ್ರಶ್ನೆ ಇದು ಅಲ್ವಾ: ಹಳೆ ಇಂಟೆಲ್ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವರ್ಚುವಲ್ ಮಷೀನ್, ಓಡಿಸುವ ಸಾಫ್ಟ್‌ವೇರ್) ಒಂದು ವಿಂಡೋಸ್, ಎರಡು ಲಿನಕ್ಸ್ ಇವೆ, ಹೊಸದು ಎಎಂಡಿ, ಎಕ್ಸ್‌ಪೋರ್ಟ್ ಮಾಡಬೇಕಾ, ಫೋಲ್ಡರ್ ಕಾಪಿ ಮಾಡಿದರೆ ಸಾಕಾ ಅಂತ. ಕಾಪಿ ಮಾಡಿ ಸಾಕು. ಎಕ್ಸ್‌ಪೋರ್ಟ್ ಮಾಡಿದರೆ ಈಗಿನ ಸ್ಥಿತಿ ಮಾತ್ರ ಬರುತ್ತದೆ, ಸ್ನ್ಯಾಪ್‌ಶಾಟ್‌ಗಳು (ಬೇಕಾದಾಗ ಹಿಂದಕ್ಕೆ ಹೋಗಲು ಉಳಿಸಿಟ್ಟ ಹಳೆ ಸ್ಥಿತಿಗಳು) ಬರುವುದಿಲ್ಲ. ವಿಎಂವೇರ್ ಅಥವಾ ಇಂಥದೇ ಬೇರೆ ಸಾಫ್ಟ್‌ವೇರಿಗೆ ಹೋಗುವವರಿಗೆ ಅದು ಬೇಕು, ನಿಮಗೆ ಬೇಡ.

ಕಾಪಿಗೆ ಮೊದಲು ಮೂರನ್ನೂ ಒಳಗಿನಿಂದಲೇ ಪೂರ್ತಿ ಶಟ್‌ಡೌನ್ ಮಾಡಿ. ಇದೊಂದನ್ನು ದಯವಿಟ್ಟು ಬಿಡಬೇಡಿ. 'ಸೇವ್ ಸ್ಟೇಟ್' ಕೊಟ್ಟು ನಿಲ್ಲಿಸಿದರೆ ಮೆಮೊರಿ ಜೊತೆಗೆ ಪ್ರೊಸೆಸರಿನ ಸ್ಥಿತಿಯೂ ಫೈಲಿಗೆ ಹೋಗುತ್ತದೆ, ಇಂಟೆಲ್‌ನಲ್ಲಿ ಅರ್ಧಕ್ಕೆ ನಿಂತದ್ದನ್ನು ಎಎಂಡಿಯಲ್ಲಿ ಅಲ್ಲಿಂದಲೇ ಮುಂದುವರಿಸಬಹುದು ಅಂತ ನಂಬಿಕೊಂಡು ಕೂರಬೇಡಿ. ಮಷೀನ್ ಓಡುತ್ತಿರುವಾಗ ತೆಗೆದ ಸ್ನ್ಯಾಪ್‌ಶಾಟ್‌ಗೂ ಇದೇ ತೊಂದರೆ. ಪೂರ್ತಿ ಆಫ್ ಆದ ಮಷೀನ್ ಆದರೆ ಪ್ರೊಸೆಸರ್ ಬದಲಾದರೂ ಸಾಮಾನ್ಯವಾಗಿ ಸುಮ್ನೆ ಬೂಟ್ ಆಗುತ್ತದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಮೊದಲು ತೆಗೆಯಿರಿ, ಅದು ಇರುವಾಗ ಶಟ್‌ಡೌನ್ ಅಂದರೂ ಒಳಗೆ ಅರ್ಧ ಹೈಬರ್ನೇಟ್ ಆಗಿರುತ್ತದೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಆಮೇಲೆ ಡಿಸ್ಕ್ ಫೈಲ್‌ಗಳೆಲ್ಲ ನಿಜವಾಗಿಯೂ ಆಯಾ ಮಷೀನಿನ ಫೋಲ್ಡರಿನಲ್ಲೇ ಇವೆಯಾ ನೋಡಿ. ಜಾಗ ಸಾಲದೆ ಕೆಲವರು ಬೇರೆ ಡ್ರೈವಿನಲ್ಲಿ ಇಟ್ಟಿರುತ್ತಾರೆ. ಹಾಗಿದ್ದರೆ ವರ್ಚುವಲ್‌ಬಾಕ್ಸ್‌ನಲ್ಲೇ ಮಷೀನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಮೂವ್' ಕೊಡಿ, ಎಲ್ಲವನ್ನೂ ಒಂದೇ ಕಡೆ ತರುತ್ತದೆ. ಕಾಪಿಗೆ ಪೆನ್‌ಡ್ರೈವ್ ಬಳಸುವುದಾದರೆ ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಎರಡರಲ್ಲೂ ಗಿಗಾಬಿಟ್ ಪೋರ್ಟ್ ಇದ್ದರೆ ಕೇಬಲ್ ಹಾಕಿ, 100 ಜಿಬಿಗೆ ಹೆಚ್ಚುಕಮ್ಮಿ ಕಾಲು ಗಂಟೆ. ಮುಗಿದ ಮೇಲೆ ಎರಡೂ ಕಡೆ ಫೈಲ್‌ಗಳ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಕಾಪಿ ಸರಿಯಿದ್ದರೆ ಎರಡೂ ಒಂದೇ) ತೆಗೆದು ಹೋಲಿಸಿ. ಬೇಜಾರಿನ ಕೆಲಸ, ಆದರೂ ಮಾಡಿ.

ಹೊಸ ಕಂಪ್ಯೂಟರಿನ ಬಯೋಸ್‌ನಲ್ಲಿ ಎಸ್‌ವಿಎಂ (ವರ್ಚುವಲ್ ಮಷೀನ್ ಓಡಿಸಲು ಎಎಂಡಿ ಪ್ರೊಸೆಸರಿನಲ್ಲಿರುವ ಸೌಲಭ್ಯ) ಆನ್ ಇದೆಯಾ ನೋಡಿ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ವರ್ಚುವಲ್‌ಬಾಕ್ಸ್ ಹಳೆಯದರಲ್ಲಿದ್ದ ಆವೃತ್ತಿಯೇ ಇರಲಿ ಅಥವಾ ಅದಕ್ಕಿಂತ ಹೊಸದು ಇರಲಿ, ಹಿಂದಿನದು ಬೇಡ. ವರ್ಚುವಲ್‌ಬಾಕ್ಸ್‌ಗೆ ಬೇರೆಯಾಗಿ ಹಾಕುವ ಎಕ್ಸ್‌ಟೆನ್ಶನ್ ಪ್ಯಾಕ್ ಬಳಸುತ್ತಿದ್ದರೆ ಅದನ್ನೂ ಹಾಕಿ. ಹೊಸ ಮಷೀನ್ ಮಾಡಲು ಹೋಗಬೇಡಿ, 'ಆಡ್' ಕೊಟ್ಟು ಕಾಪಿ ಮಾಡಿದ ಫೋಲ್ಡರಿನ ವಿಬಾಕ್ಸ್ (.vbox) ಫೈಲ್ ತೋರಿಸಿ.

ಸ್ಟಾರ್ಟ್ ಒತ್ತುವ ಮೊದಲು ಸೆಟ್ಟಿಂಗ್ಸ್ ತೆರೆಯಿರಿ. ಬ್ರಿಡ್ಜ್ ನೆಟ್‌ವರ್ಕ್ (ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಮೂಲಕ ಮಷೀನನ್ನು ನೇರ ನೆಟ್‌ವರ್ಕ್‌ಗೆ ಸೇರಿಸುವುದು) ಇದ್ದರೆ ಅಲ್ಲಿ ಹಳೆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಹೆಸರೇ ಇರುತ್ತದೆ, ಹೊಸದನ್ನು ಆರಿಸಿ. ಡಿವಿಡಿಗೆ ಸಿಕ್ಕಿಸಿದ್ದ ಹಳೆ ಐಎಸ್‌ಒ (ಡಿವಿಡಿಯ ನಕಲು ಫೈಲ್) ತೆಗೆಯಿರಿ. ಶೇರ್ಡ್ ಫೋಲ್ಡರಿನ ದಾರಿ ಸರಿಪಡಿಸಿ. ಅಷ್ಟೇ, ಬೇರೇನೂ ಮುಟ್ಟಬೇಡಿ. ಹೊಸದರಲ್ಲಿ ರ‍್ಯಾಮ್ ಜಾಸ್ತಿ ಇದೆ, ಕೋರ್ ಜಾಸ್ತಿ ಇದೆ ಅಂತ ಮೊದಲ ಬೂಟ್‌ಗೆ ಮುಂಚೆಯೇ ಎಲ್ಲ ಏರಿಸಿದರೆ, ಏನಾದರೂ ಕೈಕೊಟ್ಟಾಗ ಕಾಪಿಯಿಂದ ಹಾಳಾಯಿತಾ ಸೆಟ್ಟಿಂಗ್‌ನಿಂದ ಹಾಳಾಯಿತಾ ಗೊತ್ತಾಗುವುದಿಲ್ಲ. ಇದ್ದ ಹಾಗೇ ಬೂಟ್ ಆಗಲಿ, ಆಮೇಲೆ ಒಂದೊಂದಾಗಿ ಬದಲಿಸಿ.

ಹಳೆಯದರಲ್ಲಿರುವ ಮಷೀನನ್ನು ಅದೇ ಹೊತ್ತಿಗೆ ಓಡಿಸಬೇಡಿ. ಎರಡಕ್ಕೂ ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ), ನೆಟ್‌ವರ್ಕ್ ಗೋಜಲಾಗುತ್ತದೆ. ಹಾಗಂತ ಹಳೆ ಫೈಲ್‌ಗಳನ್ನು ಅಳಿಸಲೂ ಬೇಡಿ, ಮೂರೂ ಕೆಲವು ವಾರ ಸರಿಯಾಗಿ ಓಡಲಿ. ಯಾವುದಾದರೂ ಸ್ಟಾರ್ಟ್ ಆಗದಿದ್ದರೆ ಅದರ ಲಾಗ್ಸ್ ಫೋಲ್ಡರಿನಲ್ಲಿರುವ ವಿಬಾಕ್ಸ್ ಲಾಗ್ ಫೈಲ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.