ಘಾಟಿ ಶುರುವಾಗುವ ಮೊದಲೇ ಮಗನಿಗೆ ವಾಂತಿ, ಯಾವ ಮಾತ್ರೆ ಒಳ್ಳೆಯದು?

ಉಡುಪಿಯಿಂದ ಹೊರಟು, ಶಿರಾಡಿ ಘಾಟಿಯ ಬುಡದ ಗುಂಡ್ಯ ಇನ್ನೂ ದೂರ ಇರುವಾಗ, ಬಿ.ಸಿ. ರೋಡಿನ ನೇರ ರಸ್ತೆಯಲ್ಲೇ ಮಗನಿಗೆ ವಾಂತಿ ಅಂತ ಬರೆದಿದ್ದೀರಲ್ಲ, ನಮ್ಮ ಮಗಳದ್ದೂ ಇದೇ ಕತೆ. ಮಾತ್ರೆ ಬದಲಿಸಿದರೆ ಸರಿಹೋಗುವ ವಿಷಯ ಇದಲ್ಲ ಮಾರಾಯ್ರೆ.

ನಮ್ಮ ಮನೆ ಮಂಗಳೂರು, ಹೆಂಡತಿಯ ತವರು ಹಾಸನದ ಕಡೆ. ಮಗಳು ಸಣ್ಣವಳಿರುವಾಗ ಒಮ್ಮೆ ಹೊಟ್ಟೆ ತುಂಬ ಗೋಳಿಬಜೆ ತಿಂದು ಬಸ್ ಹತ್ತಿದಳು, ಶಿರಾಡಿಯ ತಿರುವಿನಲ್ಲಿ ಎಲ್ಲ ಹೊರಗೆ ಬಂತು. ಅದು ತಿರುವಿನದ್ದೇ ವಾಂತಿ: ಮೈ ಅಲುಗಾಡುವುದು ಒಳಕಿವಿಗೆ ಗೊತ್ತಾಗುತ್ತದೆ, ಎದುರಿನ ಸೀಟನ್ನೇ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ, ಆ ತಾಳಮೇಳ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಆದರೆ ಆಮೇಲಿನದ್ದನ್ನೆಲ್ಲ ಅವಳಿಗೆ ಕಲಿಸಿದ್ದು ನಾವು. ಹೊರಡುವ ಮೊದಲು ಪ್ಲಾಸ್ಟಿಕ್ ಕವರ್, ಲಿಂಬೆಹುಳಿ, "ಬರುವ ಹಾಗಾದರೆ ಮೊದಲೇ ಹೇಳು ಆಯ್ತಾ" ಅನ್ನುವ ಮಾತು. ಕೊನೆಕೊನೆಗೆ ಅಡುಗೆಮನೆಯಲ್ಲಿ ಕವರ್ ಸರಪರ ಅಂದರೂ ಅವಳ ಬಾಯಲ್ಲಿ ನೀರೂರಿ ಮುಖ ಬಿಳಿಚಿಕೊಳ್ಳುತ್ತಿತ್ತು. ನಾಟಕ ಅಂತ ಬೈಯಬೇಡಿ. ಕ್ಯಾನ್ಸರಿಗೆ ಕಿಮೊಥೆರಪಿ ಪಡೆದ ಕೆಲವರಿಗೆ ಮುಂದಿನ ಸಲ ಆಸ್ಪತ್ರೆಯ ವಾಸನೆಗೇ, ಔಷಧ ಮೈಗೇರುವ ಮೊದಲೇ ವಾಕರಿಕೆ ಬರುತ್ತದೆ. ಮೈ ಹಾಗೆ ಕಲಿಯುತ್ತದೆ.

ನಾನು ಮಾಡಿದ ದೊಡ್ಡ ತಪ್ಪು ಮಾತ್ರೆಯದ್ದೇ. ಅದನ್ನು ಬಿಜೈ ಬಸ್ ಸ್ಟ್ಯಾಂಡಿನಲ್ಲಿ, ಬಸ್ ಬಂದ ಮೇಲೆ ಕೊಡುತ್ತಿದ್ದೆ. ಇವು ತಡೆಯುವ ಮಾತ್ರೆಗಳು, ಮುಂಚಿತವಾಗಿ ಹೊಟ್ಟೆ ಸೇರಬೇಕು. ಅದು ಕೆಲಸ ಶುರುಮಾಡುವ ಮೊದಲೇ ಅವಳಿಗೆ ವಾಂತಿ ಆಗಿರುತ್ತಿತ್ತು. ಅಂದರೆ ಮಾತ್ರೆ ನುಂಗಿದರೆ ವಾಂತಿ ಬರುತ್ತದೆ ಅಂತ ನಾನೇ ಪಾಠ ಮಾಡಿದ ಹಾಗಾಯಿತು. ಬೇರೆ ಕಂಪನಿಯದ್ದು ತಂದೆ, ಅದನ್ನೂ ಸ್ಟ್ಯಾಂಡಿನಲ್ಲೇ ಕೊಟ್ಟೆ, ಅದೂ ಸೋತಿತು. ನೋವಿನ ಮೇಲೆ ಇಟಲಿಯ ಸಂಶೋಧಕರಾದ ಕೊಲೊಕಾ ಮತ್ತು ಬೆನೆಡೆಟ್ಟಿ 2006ರಲ್ಲಿ ತೋರಿಸಿದ್ದು ಇಂಥದ್ದೇ: ಮೊದಲು ಫಲಕೊಟ್ಟ ಚಿಕಿತ್ಸೆ ಕಂಡವರಿಗೆ ಆಮೇಲೆ ಬರೀ ಪ್ಲಾಸೀಬೊದಿಂದಲೂ (ಔಷಧವೇ ಇಲ್ಲದ ಹುಸಿಮದ್ದು) ನೋವು ಚೆನ್ನಾಗಿ ತಗ್ಗಿತು, ಸೋತದ್ದನ್ನು ಕಂಡವರಿಗೆ ದಿನಗಳು ಕಳೆದ ಮೇಲೂ ತೀರಾ ಕಡಿಮೆ. ನಾನು ಪ್ರತಿ ಸಲವೂ ಅವಳಿಗೆ ಸೋಲನ್ನೇ ತೋರಿಸಿದೆ. ರಜೆಗೆ ಅಜ್ಜಿಮನೆಗೆ ಹೋಗುವುದನ್ನೇ ಅವಳು ಬಿಟ್ಟುಬಿಟ್ಟಳು. ಅಜ್ಜಿ ಗಟ್ಟಿಮುಟ್ಟಾಗಿದ್ದ ವರ್ಷಗಳು ಅವು.

ಆದ್ದರಿಂದ ಮೊದಲು ಆ ಕವರನ್ನು ಮಗನ ಕಣ್ಣಿಗೆ ಬೀಳದಂತೆ ನಿಮ್ಮ ಚೀಲದ ತಳಕ್ಕೆ ಹಾಕಿ, ಅಜ್ಜ-ಅಜ್ಜಿ, ಅತ್ತೆ-ಮಾವ ಎಲ್ಲರಿಗೂ ವಾಂತಿಯ ಸುದ್ದಿ ಎತ್ತಬೇಡಿ ಅಂತ ಖಡಾಖಂಡಿತ ಹೇಳಿ. 1995ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಪ್ರಯೋಗದಲ್ಲಿ, "ನಿಮಗೆ ಕಡಲ ವಾಕರಿಕೆ ಬರುವ ಸಂಭವ ಕಡಿಮೆ" ಅನ್ನಿಸಿಕೊಂಡು ಹಡಗು ಹತ್ತಿದ ನೌಕಾಪಡೆಯ ಕೆಡೆಟ್‌ಗಳಿಗೆ ಉಳಿದವರಿಗಿಂತ ಕಡಿಮೆ ವಾಕರಿಕೆ ಬಂತು. ಮಾತು ಹೊಟ್ಟೆಗೂ ಮುಟ್ಟುತ್ತದೆ.

ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಜನರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದ್ದಾರೆ. ತಿರುಗಿಸದೆ, ಸುಮ್ಮನೆ ಕೂರಿಸಿ ಮೊದಲೇ ಆ ಕುರ್ಚಿಗೆ ಒಗ್ಗಿಸಿದವರಿಗೆ ಆಮೇಲೆ ತಿರುಗಿಸಿದಾಗ ವಾಕರಿಕೆ ಕಡಿಮೆ. ನಾವು ಮಾಡಿದ್ದು ಅದರ ನೆಂಟನೇ: ಸುಮ್ಮನೆ ಸಿಟಿ ಬಸ್ಸಿನಲ್ಲಿ ಸುರತ್ಕಲ್‌ಗೆ ಹೋಗಿ ಬರುವುದು, ಕವರ್ ಇಲ್ಲ, ಹೊಟ್ಟೆ ತೊಳಸುವ ಮೊದಲೇ ಇಳಿಯುವುದು, ಬೀಚಿನಲ್ಲಿ ಆಡಿ ವಾಪಸ್. ಆಗಲೇ ಕಲಿತು ಕೂತ ಮೈ ಬೇಗ ಬಿಡುವುದಿಲ್ಲ, ಹಾಗಾಗಿ ತುಂಬ ಸಲ ಬೇಕಾಯಿತು. ನಿಮ್ಮ ಊರಲ್ಲಾದರೆ ಉಡುಪಿಯಿಂದ ಮಲ್ಪೆ ಸಾಕು.

ಇಷ್ಟಾದ ಮೇಲೆ ಮಾತ್ರೆ. ವಯಸ್ಸಿಗೆ ತಕ್ಕ ಡೋಸನ್ನೂ ಎಷ್ಟು ಮುಂಚೆ ಕೊಡಬೇಕು ಅನ್ನುವುದನ್ನೂ ಮಕ್ಕಳ ಡಾಕ್ಟರನ್ನು ಕೇಳಿ, ಮೆಡಿಕಲ್ ಶಾಪಿನವರನ್ನಲ್ಲ. ಮನೆಯಲ್ಲೇ ಕೊಟ್ಟು, ಮುಂದಿನ ಸೀಟು ಹಿಡಿದು, ದೂರದ ರಸ್ತೆ ನೋಡಲು ಹೇಳಿ. ನಮ್ಮವಳಿಗೆ ಶಿರಾಡಿಯಲ್ಲಿ ಈಗಲೂ ತಲೆ ಸ್ವಲ್ಪ ತಿರುಗುತ್ತದೆ, ಆದರೆ ಸಕಲೇಶಪುರದಲ್ಲಿ ಇಳಿದು ಕಾಫಿ ಕೇಳುತ್ತಾಳೆ.